ಮೇಲಿನ ಬೋಲ್ಟು

ಸಾರಕ್ಕಿಯ ಚಿಕ್ಕಬೈರಪ್ಪನವರ ಪಿಕಪ್ ಗಾಡಿಗೆ ನಾಲ್ಕೂ ಚಕ್ರಗಳಲ್ಲಿ ಬಲವಿತ್ತು. ಬೆಟ್ಟ ಹತ್ತುತ್ತದೆ, ಕೆಸರಿನಿಂದ ತಾನೇ ಎದ್ದು ಬರುತ್ತದೆ, ಹೊಳೆ ದಾಟುತ್ತದೆ ಎಂದೆಲ್ಲ ಹೇಳಿ ಶೋರೂಮಿನವರು ಮಾರಿದ್ದರು. ಕೊಂಡ ನಾಲ್ಕು ವರ್ಷಗಳಲ್ಲಿ ಅದು ಹತ್ತಿದ ಅತಿ ದೊಡ್ಡ ಬೆಟ್ಟವೆಂದರೆ ಜಯನಗರದ ಒಂದು ಮದುವೆ ಮಂಟಪದ ಪಾರ್ಕಿಂಗ್ ಇಳಿಜಾರು. ಮುಂದಿನ ಚಕ್ರಗಳಿಗೂ ಬಲ ಹಂಚುವ ಎರಡನೇ ಗೇರಿನ ಕೋಲಿಗೆ ಪ್ರತಿ ಶುಕ್ರವಾರ ಒಂದು ಮೊಳ ಮಲ್ಲಿಗೆ ಸುತ್ತುತ್ತಿದ್ದರು. ಅದು ಬಿಟ್ಟರೆ ಆ ಕೋಲಿಗೆ ಈ ಲೋಕದಲ್ಲಿ ಬೇರೆ ಕರ್ತವ್ಯ ಇರಲಿಲ್ಲ.

ಚಿಕ್ಕಬೈರಪ್ಪನವರ ಅಪ್ಪ ರಾಗಿ ಬೆಳೆಯುತ್ತಿದ್ದ ನೆಲದಲ್ಲಿ ಈಗ ಶೆಡ್ಡುಗಳೂ ಮಳಿಗೆಗಳೂ ಬೆಳೆದಿದ್ದವು. ರಾಗಿಯಾದರೆ ಮೋಡ ನೋಡಿಕೊಂಡು ಕೂರಬೇಕಿತ್ತು. ಬಾಡಿಗೆ ಮಳೆ ಬಂದರೂ ಬರುತ್ತದೆ, ಬಾರದಿದ್ದರೂ ಬರುತ್ತದೆ. ಇಷ್ಟೆಲ್ಲ ಬಂದ ಮೇಲೆ ಕಳ್ಳರೂ ಬರಲೇಬೇಕಲ್ಲ. ಅವರ ಲೆಕ್ಕದಲ್ಲಿ ಜಗತ್ತಿನಲ್ಲಿ ಇದ್ದದ್ದು ಎರಡೇ ಜಾತಿ: ಒಂದು ಅವರು, ಇನ್ನೊಂದು ಕಳ್ಳರು. ಹಾಗಾಗಿ ಬೋರ್‌ವೆಲ್ ಸ್ವಿಚ್ಚಿಗೆ ಬೀಗ, ನೀರಿನ ಟ್ಯಾಂಕಿನ ಮುಚ್ಚಳಕ್ಕೆ ಬೀಗ, ಮೆಟ್ಟಿಲಿನ ಬಲ್ಬಿಗೆ ತಂತಿಯ ಪಂಜರ, ಆ ಪಂಜರಕ್ಕೊಂದು ಬೀಗ. ಮೂರು ವರ್ಷ ಗಾಡಿ ಓಡಿಸಿದ ಡ್ರೈವರ್ ಮಾರಯ್ಯನನ್ನು ಗೇರ್ ಆಯಿಲ್ ಕದ್ದು ಮಾರುತ್ತಾನೆಂದು ಓಡಿಸಿದ್ದಾಗಿತ್ತು. ಗೇರ್ ಆಯಿಲನ್ನು ಕೊಂಡು ಒಗ್ಗರಣೆ ಹಾಕುವವರು ಯಾರು ಎಂದು ಯಾರೂ ಕೇಳಲಿಲ್ಲ. ಕೇಳಿದವನೂ ಕಳ್ಳರ ಜಾತಿಗೆ ಸೇರುತ್ತಿದ್ದ.

ಅವರ ಶೆಡ್ಡುಗಳಲ್ಲೊಂದರಲ್ಲಿ ಬಸವಂತನ ಗ್ಯಾರೇಜು. ಹುನಗುಂದದ ಕಡೆಯಿಂದ ಬಂದು ಒಂಬತ್ತು ವರ್ಷವಾಗಿತ್ತು. ಮುಂದೆ ಗಾಡಿ ನಿಲ್ಲಿಸಿ ಕೆಳಗಿಳಿದು ಕೆಲಸ ಮಾಡುವ ಗುಂಡಿ, ಹಿಂದೆ ಒಂದೇ ಕೋಣೆಯ ಮನೆ. ಆ ಕೋಣೆಯಲ್ಲಿ ಅವನು, ಹೆಂಡತಿ ರೇಣವ್ವ, ಹತ್ತನೇ ಕ್ಲಾಸಿನ ಮಗಳು ಶೈಲಶ್ರೀ. ಶೆಡ್ಡು ಕೆಡವಿ ಸೈಬರ್ ಸೆಂಟರ್ ಕಟ್ಟಿಸುವ ಯೋಚನೆ ಚಿಕ್ಕಬೈರಪ್ಪನವರಿಗೆ ಬಂದದ್ದು ಸಂಕ್ರಾಂತಿಯ ಹೊತ್ತಿಗೆ. ಹುಡುಗಿಯ ಪರೀಕ್ಷೆ ಏಪ್ರಿಲ್ ಮೊದಲ ವಾರ ಮುಗಿಯುತ್ತದೆ, ಅಲ್ಲಿಯವರೆಗೆ ಇರಿ ಎಂದು ಅವರೇ ಬಾಯಿಬಿಟ್ಟು ಹೇಳಿದ್ದರು. ಬಾಯಿಗೆ ಮಾತ್ರ ಅವರು ಬೀಗ ಹಾಕಿಸಿರಲಿಲ್ಲ. ಮಾರ್ಚಿನ ಎರಡನೇ ಭಾನುವಾರ ಅದೇ ಬಾಯಿಯಿಂದ ಬೇರೆ ಮಾತು ಬಂತು: ಮಂಗಳವಾರ ಬೆಳಿಗ್ಗೆ ಜೆಸಿಬಿ ಬರುತ್ತದೆ, ಸೋಮವಾರ ಸಂಜೆಯೊಳಗೆ ಖಾಲಿ ಮಾಡಬೇಕು.

ಪರೀಕ್ಷೆಗೆ ಇನ್ನು ಹತ್ತು ದಿನ, ಮುಗಿಯಲು ಮೂರು ವಾರ. ಬಿಟಿಎಂ ಲೇಔಟಿನಲ್ಲಿ ಬಸವಂತ ಗೊತ್ತುಮಾಡಿದ್ದ ಮನೆ ಖಾಲಿಯಾಗುವುದು ಏಪ್ರಿಲಿಗೆ. ಅಲ್ಲಿಯವರೆಗೆ ಹುಡುಗಿ ಪುಸ್ತಕ ಹಿಡಿದುಕೊಂಡು ಎಲ್ಲಿ ಕೂರಬೇಕು ಎಂದು ರೇಣವ್ವ ಕೇಳಿದಳು. ಅದಕ್ಕೆ ಚಿಕ್ಕಬೈರಪ್ಪನವರು, ಯಡಿಯೂರು ಕೆರೆಯ ಪಾರ್ಕಿನಲ್ಲಿ ಒಳ್ಳೆ ಗಾಳಿ ಬರುತ್ತದೆ, ತಮ್ಮ ಕಾಲದಲ್ಲಿ ಎಲ್ಲರೂ ಮರದ ಕೆಳಗೇ ಓದುತ್ತಿದ್ದರು ಎಂದರು. ಅವರು ಸ್ವತಃ ಎಷ್ಟನೇ ಕ್ಲಾಸಿನವರೆಗೆ ಮರದ ಕೆಳಗೆ ಕೂತಿದ್ದರೆಂಬುದನ್ನು ಹೇಳಲಿಲ್ಲ.

ಹೊರಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು. ಹೇಗೂ ಹೋಗುತ್ತಿದ್ದೀಯ, ಹೋಗುವ ಮುಂಚೆ ಪಿಕಪ್ಪಿನ ಡಿಫರೆನ್ಷಿಯಲ್ ಆಯಿಲು, ಟ್ರಾನ್ಸ್‌ಫರ್ ಕೇಸ್ ಆಯಿಲು ಎರಡನ್ನೂ ಬದಲಾಯಿಸಿಬಿಡು. ಬಿಟ್ಟಿಯಾಗಿ, ಎಂದಿನಂತೆ. ಒಂಬತ್ತು ವರ್ಷವೂ ಓನರ್ ಗಾಡಿಯ ಕೆಲಸ ಬಾಡಿಗೆಯ ಮೇಲಿನ ದಕ್ಷಿಣೆಯಂತೆ ನಡೆದು ಬಂದಿತ್ತು.

ಸೋಮವಾರ ಬೆಳಿಗ್ಗೆ ಏಳೂವರೆಗೆ ಪಿಕಪ್ಪು ಗುಂಡಿಯ ಮೇಲೆ ಬಂದು ನಿಂತಿತು. ಬಸವಂತ ಸ್ಪ್ಯಾನರ್ ಹಿಡಿದು ಕೆಳಗಿಳಿದ. ಕೆಲಸ ಕಷ್ಟದ್ದೇನಲ್ಲ. ಹಿಂದಿನ ಅಚ್ಚಿನ ನಡುವೆ ಕುಂಬಳಕಾಯಿಯಂತೆ ಉಬ್ಬಿರುವುದು ಡಿಫರೆನ್ಷಿಯಲ್, ಅದರೊಳಗೆ ಎಣ್ಣೆಯಲ್ಲಿ ಮುಳುಗಿದ ಹಲ್ಲಿನ ಚಕ್ರಗಳು. ಮುಂದಿನ ಅಚ್ಚಿಗೂ ಅಂಥದೇ ಒಂದು. ಗಾಡಿಯ ಹೊಟ್ಟೆಯಲ್ಲಿದ್ದು ಎರಡೂ ಅಚ್ಚಿಗೆ ಬಲ ಹಂಚುವುದು ಟ್ರಾನ್ಸ್‌ಫರ್ ಕೇಸ್. ಮೂರಕ್ಕೂ ಪಕ್ಕದಲ್ಲಿ, ಮೇಲುಗಡೆ, ಎಣ್ಣೆ ಹಾಕುವ ಬೋಲ್ಟು. ತಳದಲ್ಲಿ ಇಳಿಸುವ ಬೋಲ್ಟು. ಹುಬ್ಬಳ್ಳಿಯಲ್ಲಿ ಅವನಿಗೆ ಕೆಲಸ ಕಲಿಸಿದ ಉಸ್ತಾದರು ಕಲಿಸಿದ ಮೊದಲ ಪಾಠವೇ ಇದು: ಮೇಲಿನದು ಬಿಚ್ಚಿಕೊಂಡಿತೆಂದು ಖಾತ್ರಿಯಾಗುವವರೆಗೆ ಕೆಳಗಿನದನ್ನು ಮುಟ್ಟಬೇಡ. ಎಣ್ಣೆ ಇಳಿದುಹೋದ ಮೇಲೆ ಮೇಲಿನ ಬೋಲ್ಟು ಕಚ್ಚಿಕೊಂಡು ಕೂತರೆ ಗಾಡಿ ಇದ್ದಲ್ಲೇ ಗೂಟ ಹೊಡೆದಂತೆ.

"ಮೊದಲ ಮ್ಯಾಲಿನ ಬೋಲ್ಟ್ ಬಿಚ್ಚಿ ನೋಡ್ತೀನ್ರಿ ಗೌಡ್ರ," ಎಂದು ಅವನು ಕೆಳಗಿನಿಂದ ಹೇಳಿದ.

ಚಿಕ್ಕಬೈರಪ್ಪನವರು ಗಡಿಯಾರ ನೋಡಿದರು. ಸೋಮವಾರದ ರಾಹುಕಾಲ ಏಳೂವರೆಯಿಂದ ಒಂಬತ್ತು. ಅವರು ಹೊತ್ತು ನೋಡಿಕೊಂಡೇ ಬಂದಿದ್ದರು: ಹಳೆಯದು ರಾಹುಕಾಲದಲ್ಲಿ ತೊಲಗಬೇಕು, ಹೊಸದು ಒಂಬತ್ತು ಕಳೆದ ಮೇಲೆ ಒಳಗೆ ಬರಬೇಕು.

"ಅಲ್ಲಯ್ಯ, ಹಾಕೋದು ಒಂಬತ್ತರ ಮೇಲೆ ತಾನೆ? ರಾಹುಕಾಲದಲ್ಲಿ ಮೇಲ್ಗಡೆ ಬಾಗ್ಲು ಯಾಕೆ ತೆಗೀತೀಯ? ಕೆಟ್ಟದ್ದೆಲ್ಲ ಒಳಗೆ ಹೋಗಿ ಕೂತ್ಕೊಳ್ಲಿ ಅಂತಾನಾ?"

ಬಸವಂತ ಉಸ್ತಾದರ ಪಾಠವನ್ನು ಬಿಡಿಸಿ ಹೇಳಿದ. ಚಿಕ್ಕಬೈರಪ್ಪನವರು, ನಿನ್ನ ಉಸ್ತಾದನಿಗೆ ಎಷ್ಟು ಸೈಟಿದೆ ಎಂದು ಕೇಳಿದರು. ವಾದ ಅಲ್ಲಿಗೆ ಮುಗಿಯಿತು. ಮೂರು ಕೆಳಗಿನ ಬೋಲ್ಟುಗಳೂ ಬಿಚ್ಚಿಕೊಂಡವು. ಕಾಕಂಬಿಯಂಥ ಕಪ್ಪೆಣ್ಣೆ ಟಬ್ಬಿಗೆ ಇಳಿಯಿತು. ಅಷ್ಟೂ ಹೊತ್ತು ಚಿಕ್ಕಬೈರಪ್ಪನವರು ಗ್ರಹಚಾರವೇ ಇಳಿಯುತ್ತಿದೆಯೆಂಬಂತೆ ಕೈ ಮುಗಿದು ನಿಂತಿದ್ದರು.

ಒಂಬತ್ತು ಗಂಟೆ ಐದು ನಿಮಿಷಕ್ಕೆ ಬಸವಂತ ಮೇಲಿನ ಬೋಲ್ಟಿಗೆ ಸ್ಪ್ಯಾನರ್ ಕೊಟ್ಟ. ಅಲುಗಲಿಲ್ಲ. ಸ್ಪ್ಯಾನರಿಗೆ ಪೈಪು ಸಿಕ್ಕಿಸಿ ಜೋತುಬಿದ್ದ. ಅಲುಗಲಿಲ್ಲ. ತಂತಿ ಬ್ರಷ್ಷಿನಿಂದ ಜಿಡ್ಡು ಕೆರೆದ. ಕಪ್ಪು ಪೇಂಟಿನ ಕೆಳಗೆ ಬೋಲ್ಟಿನ ಸುತ್ತ ದಪ್ಪಗೆ, ಹುತ್ತ ಕಟ್ಟಿದಂತೆ, ವೆಲ್ಡಿಂಗ್. ಮುಂದಿನದಕ್ಕೂ ಹಾಗೇ. ಟ್ರಾನ್ಸ್‌ಫರ್ ಕೇಸಿಗೂ ಹಾಗೇ.

"ಗೌಡ್ರ, ಇದಕ್ಕ ಯಾರೋ ವೆಲ್ಡಿಂಗ್ ಹೊಡದಾರ್ರೀ."

ಚಿಕ್ಕಬೈರಪ್ಪನವರಿಗೆ ಆಗ ನೆನಪಾಯಿತು. ಮಾರಯ್ಯನನ್ನು ಓಡಿಸಿದ ವಾರ, ಮುಂದೆ ಯಾರೂ ಎಣ್ಣೆ ಕದಿಯದಂತೆ, ಕತ್ರಿಗುಪ್ಪೆಯ ಗ್ರಿಲ್ ಅಂಗಡಿಯಲ್ಲಿ ಅವರೇ ಮುಂದೆ ನಿಂತು ಹೊಡೆಸಿದ್ದರು. ಕೆಳಗಿನ ಬೋಲ್ಟಿನಲ್ಲಿ ಎಣ್ಣೆ ಜಿನುಗುತ್ತಿದೆ, ಅಲ್ಲಿ ಕಿಡಿ ಬಿದ್ದರೆ ಗಾಡಿ ಹತ್ತಿಕೊಳ್ಳುತ್ತದೆ ಎಂದು ಗ್ರಿಲ್ಲಿನವನು ಹೆದರಿ ಮೇಲಿನವಕ್ಕೆ ಮಾತ್ರ ಹೊಡೆದುಕೊಟ್ಟಿದ್ದ.

"ಹೊರಗ ಹೋಗೂ ದಾರಿ ತೆರದು ಬಿಟ್ಟು, ಒಳಗ ಬರೂ ದಾರಿ ಮುಚ್ಚಿಸೀರಿ," ಎಂದ ಬಸವಂತ. ವ್ಯಂಗ್ಯವಾಗಿ ಅಂದದ್ದಲ್ಲ. ಗಾಡಿಯ ಸ್ಥಿತಿ ಹೇಳಿದ, ಅಷ್ಟೆ. ಇಂಥ ವ್ಯವಸ್ಥೆಯನ್ನು ಈ ದೇಶದಲ್ಲಿ ದೊಡ್ಡವರು ಭದ್ರತೆ ಎಂದು ಕರೆಯುತ್ತಾರೆಂಬುದು ಅವನಿಗೆ ತಿಳಿದಿರಲಿಲ್ಲ.

ಇನ್ನು ಗಾಡಿಯನ್ನು ಓಡಿಸುವಂತಿಲ್ಲ. ಎಣ್ಣೆಯಿಲ್ಲದೆ ಒಂದು ಸುತ್ತು ಸಾರಕ್ಕಿ ಸಿಗ್ನಲ್ ದಾಟಿಸಿದರೂ ಒಳಗಿನ ಹಲ್ಲುಗಳು ಹುರಿಗಡಲೆಯಾಗುತ್ತವೆ ಎಂದ ಬಸವಂತ. ಬೆಳಗಾದರೆ ಜೆಸಿಬಿ ಬರುತ್ತದೆ. ಗಾಡಿ ಶೆಡ್ಡಿನ ನಟ್ಟನಡುವೆ ನಿಂತಿದೆ. ತಳ್ಳಿ ಆಚೆ ನಿಲ್ಲಿಸಬಹುದಾ ಎಂದು ಚಿಕ್ಕಬೈರಪ್ಪನವರು ಕೇಳಿದರು.

ಬಸವಂತ ಯೋಚಿಸಲಿಲ್ಲ. ಮೆಕ್ಯಾನಿಕ್ಕನ್ನು ಕೇಳಿದರೆ ಮೆಕ್ಯಾನಿಕ್ಕು ಹೇಳಿದ. "ಏನೂ ಆಗಂಗಿಲ್ರಿ. ನ್ಯೂಟ್ರಲ್ ಮಾಡಿ ಹತ್ತು ಅಡಿ ನೂಕ್ರಿ. ಹಲ್ಲಿಗೆ ಹಳೇ ಎಣ್ಣಿ ಇನ್ನೂ ಅಂಟಿರ್ತದ."

ಚಿಕ್ಕಬೈರಪ್ಪನವರ ಕಣ್ಣು ಕಿರಿದಾಯಿತು. ಮನೆ ಕಳೆದುಕೊಳ್ಳುತ್ತಿರುವವನು, ಮಗಳ ಪರೀಕ್ಷೆ ಕೆಡುತ್ತಿರುವವನು, ಇಷ್ಟು ಸುಲಭವಾಗಿ ದಾರಿ ತೋರಿಸುತ್ತಾನೆಯೇ?

"ಓಹೋ. ಓಡ್ಸಿದ್ರೆ ಹಲ್ಲು ಹಾಳಾಗುತ್ತೆ, ತಳ್ಳಿದ್ರೆ ಆಗಲ್ವಾ? ಚಕ್ರ ಉರುಳೋದು ಎರಡರಲ್ಲೂ ಒಂದೇ ಕಣಯ್ಯ. ಹೋಗೋ ಮುಂಚೆ ನನ್ ಗಾಡಿ ಮುರ್ದು ಹೋಗೋಣ ಅಂತ ನೋಡ್ತಿದೀಯ. ಯಾವನೂ ಮುಟ್ಟಂಗಿಲ್ಲ ಇದನ್ನ."

ಬಸವಂತ ಸ್ಪ್ಯಾನರ್ ಕೆಳಗಿಟ್ಟ. ಒಂಬತ್ತು ವರ್ಷ ಈ ಮನುಷ್ಯನಿಗೆ ಸುಳ್ಳು ಹೇಳಿರಲಿಲ್ಲ, ಒಂಬತ್ತು ವರ್ಷವೂ ಈ ಮನುಷ್ಯ ನಂಬಿರಲಿಲ್ಲ. ಆ ಅಪನಂಬಿಕೆ ತನಗೆ ಉಪಯೋಗಕ್ಕೆ ಬರಬಹುದೆಂದು ಅವನಿಗೆ ಹೊಳೆದದ್ದು ಆಗಲೇ. ಇನ್ನೊಂದು ನಿಜ ಅವನ ನಾಲಗೆಯ ತುದಿಯಲ್ಲಿತ್ತು, ಮತ್ತು ಅದು ಬಲು ಅಪಾಯದ ನಿಜ. ಕಬ್ಬಿಣ ಕೊರೆಯುವ ಗ್ರೈಂಡರ್ ಇಟ್ಟರೆ ಒಂದೊಂದು ಬೋಲ್ಟು ಹದಿನೈದು ನಿಮಿಷದ ಕೆಲಸ. ಆ ಮಾತನ್ನು ನುಂಗಿಕೊಳ್ಳಬಹುದಿತ್ತು. ನುಂಗಿದರೆ ಬೇರೆ ಗ್ಯಾರೇಜಿನವನು ಸಂಜೆಯೊಳಗೆ ಬಂದು ಇದನ್ನೇ ಹೇಳುತ್ತಿದ್ದ, ಅವನನ್ನು ನಂಬಿಬಿಡುತ್ತಿದ್ದರು. ತಾನೇ ಮೊದಲು ಹೇಳಿಬಿಟ್ಟರೆ ಅದು ಕಳ್ಳರ ಮಾತಾಗುತ್ತಿತ್ತು, ಆಮೇಲೆ ಯಾವ ಗ್ಯಾರೇಜಿನವನು ಹೇಳಿದರೂ ನಂಬುತ್ತಿರಲಿಲ್ಲ. ಹಿಂದಿನ ಕೋಣೆಯಲ್ಲಿ ಶೈಲಶ್ರೀ ಕಾವೇರಿಯ ಉಪನದಿಗಳನ್ನು ಬಾಯಿಪಾಠ ಮಾಡುತ್ತಿದ್ದಳು. ಹೇಮಾವತಿಯವರೆಗೆ ಬಂದು ತಡವರಿಸಿ ಮತ್ತೆ ಮೊದಲಿನಿಂದ ಹಿಡಿದಳು.

ಬಸವಂತ ಗುಂಡಿಯಿಂದ ಮೇಲೆ ಬಂದು, ಕೈ ಒರೆಸಿಕೊಂಡು, ಮುಖದ ತುಂಬ ನಕ್ಕ.

"ಗೌಡ್ರ, ಚಿಂತೀನs ಬ್ಯಾಡ್ರಿ. ನನ್ನ ಕಡೆ ಗ್ರೈಂಡರ್ ಅದ. ವೆಲ್ಡಿಂಗ್ ಕೊರದು ಬೋಲ್ಟ್ ತಗದು ಕೊಡ್ತೀನಿ. ಕೊರದ ಪುಡಿ ಒಳಗ ಬಿದ್ರೂ ಡೀಸೆಲ್ ಹಾಕಿ ತೊಳದು ಕೆಳಗ ಇಳಸ್ತೀನಿ. ಒಂದಕ್ಕ ಹದಿನೈದು ನಿಮಿಷ. ಈಗs ಮಾಡ್ತೀನಿ, ಒಂದು ಪೈಸಾ ಬ್ಯಾಡ."

ಒಂದಕ್ಷರವೂ ಸುಳ್ಳಲ್ಲ. ಆದರೆ ಬಿಟ್ಟಿ ಕೆಲಸವನ್ನು ಕೇಳಿ ಮಾಡಿಸಿಕೊಂಡು ಗೊತ್ತಿದ್ದ ಚಿಕ್ಕಬೈರಪ್ಪನವರಿಗೆ, ತಾನಾಗಿ ಬಂದ ಬಿಟ್ಟಿ ಕೆಲಸ ಹುಟ್ಟಿದಾರಭ್ಯ ಸಿಕ್ಕಿರಲಿಲ್ಲ. ಅವರು ಎರಡು ಹೆಜ್ಜೆ ಹಿಂದೆ ಸರಿದು ಗಾಡಿಗೂ ಅವನಿಗೂ ನಡುವೆ ಬಂದು ನಿಂತರು. ಗ್ರೈಂಡರನ್ನು ಎತ್ತಿ ಕೋಣೆಯೊಳಗಿಡಲು ಹೇಳಿದರು. ಶೋರೂಮಿನ ಇಂಜಿನಿಯರೇ ಬಂದು ನೋಡಲಿ, ಅಲ್ಲಿಯವರೆಗೆ ಗಾಡಿಯೂ ಅಲುಗಬಾರದು, ಶೆಡ್ಡೂ ಅಲುಗಬಾರದು ಎಂದು ಜೆಸಿಬಿಯವನಿಗೆ ಫೋನು ಮಾಡಿದರು.

ಮಧ್ಯಾಹ್ನ ಊಟಕ್ಕೆ ಕೂತಾಗ ರೇಣವ್ವ ರೊಟ್ಟಿ ಬಡಿಸುತ್ತ ಗಂಡನನ್ನು ತರಾಟೆಗೆ ತೆಗೆದುಕೊಂಡಳು. "ನೂಕಬಹುದು ಅಂದ್ರಿ, ಕೊರದು ಕೊಡ್ತೀನಿ ಅಂದ್ರಿ. ಆ ವೆಲ್ಡಿಂಗ್ ನಿಮ್ಮ ಬಾಯಿಗೆ ಹಾಕಬೇಕಿತ್ತು."

"ಹೇಳಿದ್ದಕ್ಕs ಉಳಕೊಂಡೇವಿ," ಎಂದ ಬಸವಂತ. ಅವಳಿಗೆ ಅರ್ಥವಾಗಲು ಅರ್ಧ ರೊಟ್ಟಿ ಹಿಡಿಯಿತು.

ಶೋರೂಮಿನ ಇಂಜಿನಿಯರಿಗೆ ಬಿಡುವಿರಲಿಲ್ಲ. ಈ ವಾರ, ಬರುವ ವಾರ ಎನ್ನುತ್ತ ದಿನ ಕಳೆದವು. ಚಿಕ್ಕಬೈರಪ್ಪನವರು ಬಿಡುವಿಲ್ಲದವನ ಮಾತನ್ನು ನಂಬುತ್ತಿದ್ದರು, ಅವರ ಪ್ರಕಾರ ಬಿಡುವಿಲ್ಲದಿರುವುದು ದೊಡ್ಡತನದ ಲಕ್ಷಣ. ಗಾಡಿಯ ಭಾಗ ಕಳುವಾಗಬಾರದೆಂದು ದಿನವೂ ಬೆಳಿಗ್ಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಶೆಡ್ಡಿನ ಬಾಗಿಲಲ್ಲಿ ಕೂತರು. ಕೆಡವಬೇಕಾಗಿದ್ದ ಶೆಡ್ಡಿಗೆ ಓನರೇ ಸಂಬಳವಿಲ್ಲದ ಕಾವಲುಗಾರರಾದರು. ಬಸವಂತ ಫುಟ್‌ಪಾತಿನಲ್ಲಿ ಸ್ಕೂಟರು ರಿಪೇರಿ ಮಾಡಿದ. ಗಣಿತದ ಪರೀಕ್ಷೆಯ ದಿನ ಹುಡುಗಿ ಹೊರಟಾಗ ಚಿಕ್ಕಬೈರಪ್ಪನವರು ಎದ್ದು ಕುರ್ಚಿ ಸರಿಸಿ ದಾರಿ ಬಿಟ್ಟರು. ಚೆನ್ನಾಗಿ ಬರಿಯಮ್ಮಾ ಎಂದೂ ಅಂದರು. ಅವಳನ್ನು ಪಾರ್ಕಿಗೆ ಕಳಿಸಲು ಹೊರಟಿದ್ದವರು ತಾವೇ ಎಂಬುದು ಅವರ ನೆನಪಿನಲ್ಲಿ ಇರಲಿಲ್ಲ.

ಇಂಜಿನಿಯರ್ ಬಂದದ್ದು ಏಪ್ರಿಲಿನಲ್ಲಿ, ಕೊನೆಯ ಪರೀಕ್ಷೆ ಮುಗಿದ ಮಾರನೇ ದಿನ. ಟೈ ಕಟ್ಟಿಕೊಂಡಿದ್ದ. ಗುಂಡಿಗೆ ಇಳಿಯಲಿಲ್ಲ; ಬಗ್ಗಿ ಟಾರ್ಚು ಬಿಟ್ಟು ನೋಡಿ, ಗ್ರೈಂಡರ್ ಹಾಕಿಸಿ ಸಾರ್, ಹದಿನೈದು ನಿಮಿಷದ ಕೆಲಸ ಎಂದು ಹೇಳಿ ಹೊರಟುಹೋದ. ಚಿಕ್ಕಬೈರಪ್ಪನವರು ತಲೆದೂಗಿದರು. ಓದಿದವರು ಓದಿದವರೇ ಎಂದರು.

ಬಸವಂತ ಗ್ರೈಂಡರ್ ತಂದ. ಕಿಡಿ ಹಾರಿದವು. ಬೋಲ್ಟು ತಿರುಗಿತು. ತೊಳೆದು, ಕೆಳಗಿನದನ್ನು ಬಿಗಿದು, ಹೊಸ ಎಣ್ಣೆ ಹಾಕಿದ. ಮೇಲಿನ ತೂತಿನ ಅಂಚಿಗೆ ಬಂದು ಒಂದೆರಡು ಹನಿ ಹೊರಗೆ ಚೆಲ್ಲಿದಾಗ ನಿಲ್ಲಿಸಿದ. ಮೂರೂ ಮುಗಿಯುವಷ್ಟರಲ್ಲಿ ಹನ್ನೊಂದೂ ಆಗಿರಲಿಲ್ಲ.

"ಇಷ್ಟೇನಾ?" ಎಂದರು ಚಿಕ್ಕಬೈರಪ್ಪನವರು.

"ಅವತ್ತs ಹೇಳಿದ್ನೆಲ್ರಿ."

ಅವರಿಗೆ ಕೇಳಿಸಲಿಲ್ಲ. ಆಚೆ ಟೆಂಪೋಗೆ ರೇಣವ್ವ ಸಾಮಾನು ಏರಿಸುತ್ತಿದ್ದಳು, ಅದರಲ್ಲಿ ಶೆಡ್ಡಿನ ಬಲ್ಬೇನಾದರೂ ಇದೆಯೋ ಎಂದು ಅವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು. ಇಲ್ಲವೆಂದು ಖಾತ್ರಿಯಾದ ಮೇಲೆ ಬಸವಂತನ ಹತ್ತಿರ ಬಂದು, ಟೆಂಪೋದವನಿಗೆ ಕೇಳದಂತೆ ದನಿ ತಗ್ಗಿಸಿದರು.

"ಬಸವಂತ, ಹೊಸ ಎಣ್ಣೆ ಬೇರೆ. ಈ ಸಲ ಕೆಳಗಡೇದಕ್ಕೂ ಸೇರಿಸಿ ವೆಲ್ಡಿಂಗ್ ಹೊಡೆಸ್ಬಿಡ್ಲಾ?"

ಬಸವಂತನ ಬಾಯಿಗೆ ನಿಜ ಬಂತು. ಶೈಲಶ್ರೀ ಟೆಂಪೋದ ಮೇಲೆ ಹಾಸಿಗೆ ಸುರುಳಿಯ ಮೇಲೆ ಕೂತು ಕಾಲು ಅಲ್ಲಾಡಿಸುತ್ತಿದ್ದಳು. ಇನ್ನು ಇಲ್ಲಿ ನಿಜ ಹೇಳಿ ಆಗಬೇಕಾದದ್ದು ಏನೂ ಇರಲಿಲ್ಲ.

"ಹೊಡಸ್ರಿ ಗೌಡ್ರ," ಎಂದ. "ಭಾಳ ಗಟ್ಟಿ ಆಗ್ತದ."

ಒಂಬತ್ತು ವರ್ಷದಲ್ಲಿ ಮೊದಲ ಸಲ ಚಿಕ್ಕಬೈರಪ್ಪನವರು ಅವನ ಮಾತನ್ನು ಅಲ್ಲೇ ನಂಬಿದರು, ಮತ್ತು ಕತ್ರಿಗುಪ್ಪೆಯ ಕಡೆಗೆ ಗಾಡಿ ತಿರುಗಿಸಿದರು.