ಹನ್ನೆರಡನೆಯ ಅರ್ಥ

ಕೆಂಪು ಗೀಟು ಹನ್ನೆರಡನೆಯ ಅರ್ಥದ ಮೇಲೇ ಬಿದ್ದಿತ್ತು. ಅವನು ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದ. ಇಂಗ್ಲಿಷಿನ 'ಪುಲ್' ಪದಕ್ಕೆ ಅವನು ಬರೆದಿದ್ದ ಎಳೆ, ಜಗ್ಗು, ಸೆಳೆ, ಕೀಳು, ಸೇದು ಎಲ್ಲ ಇದ್ದವು. ಬೀಡಿಯ ದಮ್ಮಿಗೂ ಜಾಗವಿತ್ತು. ಹೋದದ್ದು ಒಂದೇ, ದೊಡ್ಡವರ ಪ್ರಭಾವದಿಂದ ಕೆಲಸ ಗಿಟ್ಟಿಸುವ ವಶೀಲಿ.

ನಿಘಂಟು ಕಚೇರಿಯಲ್ಲಿ ಆ ಒಂದು ಇಂಗ್ಲಿಷ್ ಪದಕ್ಕಾಗಿ ಅವನು ಹನ್ನೊಂದು ದಿನ ಕೂತಿದ್ದ. ಹಲ್ಲು ಕೀಳುವುದು ಬೇರೆ, ನೀರು ಸೇದುವುದು ಬೇರೆ; ಇಂಗ್ಲಿಷರಿಗೆ ಒಂದೇ ಪದ ಸಾಕು, ನಮಗೆ ಸಾಲದು ಎಂದು ಒಳಗೊಳಗೇ ಹಿಗ್ಗಿದ್ದ. ಈ ಪುಟ ಇವತ್ತೇ ಅಚ್ಚಿಗೆ ಹೋಗಬೇಕು.

ಎದ್ದವನೇ ಪ್ರಧಾನ ಸಂಪಾದಕರ ಕೋಣೆಗೆ ನಡೆದ.

"ಸರ್, ಹನ್ನೆರಡನೇದು ಹೊಡೆದುಹಾಕಿದೀರಿ."

"ಆಡುಮಾತು ಕಣಯ್ಯ. ನಿಘಂಟಿಗೆ ಒಂದು ಘನತೆ ಬೇಡ್ವಾ?"

"ಬೀಡಿ ದಮ್ಮು ಉಳಿಸಿದೀರಲ್ಲ."

"ದಮ್ಮಿಂದ ಯಾರಿಗೂ ನೋವಾಗಲ್ಲ."

ಪಕ್ಕದ ಹೊಸ ಕುರ್ಚಿಯಲ್ಲಿ ಪ್ರಧಾನ ಸಂಪಾದಕರ ಅಳಿಯ ಕೂತಿದ್ದ. ಇವನು ಆರು ವರ್ಷ ಕಾದಿದ್ದ ಸಹಸಂಪಾದಕನ ಕೆಲಸಕ್ಕೆ ಅವನು ಸೋಮವಾರ ಬಂದಿದ್ದ.

"ವಶೀಲಿ ಅಂದ್ರೆ ಏನು ಮಾವ?" ಎಂದ ಅಳಿಯ.

"ನಿನಗೆ ಬೇಡದ ಪದ, ಬಿಡು."

ಇವನಿಗೆ ಮೈಯೆಲ್ಲ ಉರಿಯಿತು. ಹೊರಗೆ ಬಂದು ಹೆಂಡತಿಗೆ ಫೋನ್ ಮಾಡಿದ.

"ರಾಜೀನಾಮೆ ಕೊಡ್ತೀನಿ."

"ಯಾಕಂತೆ?"

"ವಶೀಲಿ ಅನ್ನೋ ಪದ ತೆಗೆದ್ರು."

ಅವಳು ದನಿ ತಗ್ಗಿಸಿದಳು.

"ರೀ, ನಿಮಗೆ ಆ ಕೆಲಸ ಹೇಗೆ ಸಿಕ್ತು ಅಂತ ನಮ್ಮಪ್ಪ ಸಾಯೋವರೆಗೂ ಬಾಯಿ ಬಿಡಲಿಲ್ಲ. ಈಗ ನನ್ನ ಕೈಲಿ ಯಾಕೆ ಬಿಡಿಸ್ತೀರಿ? ಬರ್ತಾ ಹಾಲು ತನ್ನಿ."

ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಗೊತ್ತಿದ್ದೂ ಹತ್ತೊಂಬತ್ತು ವರ್ಷ ಮಗ್ಗುಲು ಬದಲಿಸಿ ಮಲಗಿದ್ದ.

ಸಿಟ್ಟು ಇಳಿಯಲಿಲ್ಲ. ಯಾರ ಮೇಲೆ ಎಂಬುದು ಮಾತ್ರ ಕೈತಪ್ಪಿಹೋಯಿತು.

ಅದೇ ಸಿಟ್ಟಿನಲ್ಲಿ ಕೆಳಗಿನ ಅಚ್ಚುಕೂಟಕ್ಕೆ ಇಳಿದ. ಪುಟ ಕಟ್ಟುವ ಹೆಂಗಸು ಕಂಪ್ಯೂಟರಿನ ಮುಂದೆ ಚಹಾ ಕುಡಿಯುತ್ತಿದ್ದಳು.

"ತೆಗೆದಾಯ್ತಣ್ಣ," ಎಂದು ಕೊನೆಯ ಕರಡನ್ನು ಕೈಗಿತ್ತಳು.

"ಆ ಜಾಗ ಖಾಲಿ ಬಿಟ್ಟಿದ್ದೀಯಾ?"

"ಬಿಡ್ತೀನಾ? ಮಿಕ್ಕ ಅಕ್ಷರಗಳನ್ನೆಲ್ಲ ಅಷ್ಟಷ್ಟೇ ಎಳೆದೆ. ತುಂಬ್ಕೊಂಡ್ತು."

"ವಾಪಸ್ ಹಾಕು."

ಅವಳು ಲೋಟ ಕೆಳಗಿಟ್ಟಳು. "ಹಾಕ್ತೀನಿ, ನನಗೇನು? ಆದ್ರೆ ನೀವು ಹೇಳಿದ್ದು ಅಂತ ಅಂಚಲ್ಲಿ ಬರೆದು ಸಹಿ ಹಾಕಿ. ಆಮೇಲೆ ನನ್ನ ತಲೆಗೆ ಬರಬಾರದು ನೋಡಿ."

ಅವಳು ಪೆನ್ನಿನ ಮುಚ್ಚಳ ತೆಗೆದು ಮುಂದೆ ಚಾಚಿದಳು. ಅವನು ಅದನ್ನು ತೆಗೆದುಕೊಳ್ಳಲಿಲ್ಲ, ಬೇಡವೆಂದೂ ಹೇಳಲಿಲ್ಲ. ಹನ್ನೆರಡನೆಯ ಅರ್ಥ ಇದ್ದ ಜಾಗವನ್ನು ಮೊದಲು ಹುಡುಕಬೇಕೆನಿಸಿತು. ಅಕ್ಷರದಿಂದ ಅಕ್ಷರ ಒಂದೊಂದು ಕೂದಲೆಳೆಯಷ್ಟು ದೂರ ನಿಂತಿತ್ತು. ಯಾವುದೂ ಪಕ್ಕದ್ದನ್ನು ಮುಟ್ಟಿರಲಿಲ್ಲ. ಅವನ ಬೆರಳು ಸಾಲಿನಿಂದ ಸಾಲಿಗೆ ಜಾರುತ್ತ ಹೋಯಿತು. ಎಲ್ಲೂ ತಡೆಯಲಿಲ್ಲ. ಹಾಗೇ ಹಾಳೆಯ ಅಂಚು ದಾಟಿ ಮೇಜಿನ ಮೇಲಕ್ಕೆ ಬಂತು, ಇನ್ನೂ ಹುಡುಕುತ್ತ.