ಬಾನೆಟ್ ತೆರೆಯುವ ಭಾನುವಾರ

ದೊಡ್ಡಪ್ಪ ಅರ್ಧ ಎತ್ತಿದ್ದ ಶಟರಿನ ಕೆಳಗೆ ಅಡ್ಡಲಾಗಿ ಕೈ ಚಾಚಿ ನಿಂತುಬಿಟ್ಟರು. ಒಳಗೆ ಬರಲೆಂದು ಬಗ್ಗಿದ್ದ ಪೇಂಟರ್ ಬಗ್ಗಿದಲ್ಲೇ ತಡೆದು, ಮತ್ತೆ ನೆಟ್ಟಗಾದ. ಆಳು ಎತ್ತರ. ನೆಟ್ಟಗಾದ ಮೇಲೆ ಒಳಗಿದ್ದವರಿಗೆ ಅವನ ಇಸ್ತ್ರಿ ಮಾಡಿದ ಬಿಳಿ ಅಂಗಿ ಎದೆಯವರೆಗೆ ಮಾತ್ರ ಕಾಣುತ್ತಿತ್ತು, ಮುಖ ಶಟರಿನ ಆಚೆ.

"ನೋಡೋದಿದ್ರೆ ಅಲ್ಲಿಂದಾನೇ ನೋಡ್ಕೊಂಡು ಹೋಗು" ಎಂದರು ದೊಡ್ಡಪ್ಪ, ಸತ್ತ ಮೇಸ್ತ್ರಿಯ ಅಣ್ಣ.

ಪೇಂಟರ್ ಯಾರೋ ದಾರಿಹೋಕನಲ್ಲ. ಮೇಸ್ತ್ರಿಯ ಹೆಂಡತಿಗೆ ಒಡಹುಟ್ಟಿದ ತಮ್ಮ. ಕಾರುಗಳಿಗೆ ಬಣ್ಣ ಹೊಡೆಯುವುದು ಅವನ ಕಸುಬು, ಎಂಜಿನ್ ಬಿಚ್ಚಿ ಕಟ್ಟುವುದು ಮೇಸ್ತ್ರಿಯದು. ಹನ್ನೆರಡು ವರ್ಷ ಇಬ್ಬರೂ ಇದೇ ಗ್ಯಾರೇಜಿನಲ್ಲಿ, ಒಂದೇ ಫ್ಯಾನಿನ ಕೆಳಗೆ ದುಡಿದವರು. ಆಮೇಲಿನ ಆರು ವರ್ಷ ಅವನಿಗೆ ಇಲ್ಲಿ ಪ್ರವೇಶವಿರಲಿಲ್ಲ. ಎದುರಿಗೆ ಸಿಕ್ಕರೂ ಅಕ್ಕ ಮುಖ ತಿರುಗಿಸಿಕೊಂಡು ಹೋಗುತ್ತಿದ್ದಳು.

ಮನೆಯ ಹಜಾರ ಇಕ್ಕಟ್ಟೆಂದು ಮೇಸ್ತ್ರಿಯ ಶವಪೆಟ್ಟಿಗೆಯನ್ನು ಗ್ಯಾರೇಜಿನ ಕೆಲಸದ ಮೇಜಿನ ಮೇಲೆಯೇ ಇಟ್ಟಿದ್ದರು. ಅದಕ್ಕೆ ಜಾಗ ಮಾಡಲು ಕೆಂಪು ಕಾರನ್ನು ಹಿಂದಿನ ಗೋಡೆಗೆ ತಳ್ಳಿ ಟಾರ್ಪಾಲು ಹೊದಿಸಿದ್ದರು. ಬೀದಿಯ ಮೆಕ್ಯಾನಿಕ್‌ಗಳು, ಟೈರ್ ಅಂಗಡಿಯವರು, ಹಳೆಯ ಗಿರಾಕಿಗಳು ಗೋಡೆಗಂಟಿ ನಿಂತಿದ್ದರು. ಊರಿನವರ ಎಂಜಿನ್ನನ್ನೆಲ್ಲ ಕೆಡುವ ಮೊದಲೇ ರಿಪೇರಿ ಮಾಡುತ್ತಿದ್ದವನು ತನ್ನ ಎದೆಯನ್ನು ಒಮ್ಮೆಯೂ ಡಾಕ್ಟರಿಗೆ ತೋರಿಸಲಿಲ್ಲ ನೋಡಿ ಎಂದು ಸ್ಪೇರ್ ಪಾರ್ಟ್ಸ್ ಅಂಗಡಿಯವನು ಬಂದವರಿಗೆಲ್ಲ ಹೇಳುತ್ತಿದ್ದ. ಬೆಳಗಿನಿಂದ ಆ ಮಾತು ಏಳನೆಯ ಸಲ. ಹೇಳಿದಾಗಲೆಲ್ಲ ತಾನೇ ಕಂಡುಹಿಡಿದವನಂತೆ ತಲೆಯಾಡಿಸುತ್ತಿದ್ದ. ಮೇಸ್ತ್ರಿಯ ಮಗಳಿಗೆ ಅವನ ಬಾಯಿಗೆ ಗ್ರೀಸ್ ಬಳಿಯಬೇಕೆನ್ನಿಸಿತ್ತು.

ಪೇಂಟರ್ ಜಗಳಕ್ಕೆ ಬಂದಿರಲಿಲ್ಲ. ಭಾವನ ಪೆಟ್ಟಿಗೆಗೆ ಒಂದು ಕಡೆ ತಾನೂ ಹೆಗಲು ಕೊಡುತ್ತೇನೆ, ವ್ಯಾನಿನವರೆಗೆ ಹೊತ್ತು ಅಲ್ಲಿಂದಲೇ ಹೊರಟುಹೋಗುತ್ತೇನೆ ಎಂದು ಮೆಲ್ಲಗೆ ಕೇಳಿಕೊಂಡ. ದೊಡ್ಡಪ್ಪ ಕೈ ಇಳಿಸಲಿಲ್ಲ.

"ಬಣ್ಣದ ಹುಚ್ಚಿಗೆ ಅವನ ಕಾರು ಹಾಳು ಮಾಡ್ದೆ. ಅವತ್ತಿಂದ ಅವನು ನಗ್ಲಿಲ್ಲ. ಈಗ ಹೆಗಲು ಕೊಡೋಕೆ ಬಂದ್ಯಾ?"

"ತಪ್ಪು ನಂದೇ. ನಾನೇನು ಇಲ್ಲ ಅಂದ್ನಾ?" ಎಂದ ಪೇಂಟರ್. "ಹೊರೋಕೆ ಬಿಡಿ, ಸಾಕು."

ಗೋಡೆಯ ಬಳಿ ಯಾರೋ ನಕ್ಕರು. ನಾಚಿಕೆ ಬಿಟ್ಟವನು ಎಂಬ ಮಾತೂ ಕೇಳಿಸಿತು, ಕೇಳಿಸಲಿ ಎಂದೇ ಆಡಿದ್ದು. ಪೆಟ್ಟಿಗೆಯ ತಲೆದೆಸೆಯಲ್ಲಿ ಕೂತಿದ್ದ ಅಕ್ಕ ತಲೆಯೆತ್ತಲಿಲ್ಲ.

ಮಗಳು ತಾಯಿಯ ಪಕ್ಕದಲ್ಲಿ ನಿಂತಿದ್ದಳು. ಅವಳಿಗೀಗ ಇಪ್ಪತ್ತೆಂಟು. ಅಪ್ಪನ ಕೈಕೆಳಗೆ ಕೆಲಸ ಕಲಿತವಳು, ನಾಳೆಯಿಂದ ಈ ಗ್ಯಾರೇಜು ಅವಳದೇ. ಮಾವನ ತಪ್ಪು ಅದಲ್ಲ ಎಂದು ಈ ಲೋಕದಲ್ಲಿ ಇಬ್ಬರಿಗೆ ಗೊತ್ತಿತ್ತು. ಒಬ್ಬ ಮೇಜಿನ ಮೇಲೆ ಮಲಗಿದ್ದ. ವ್ಯಾನು ಬರಲು ಇನ್ನು ಕಾಲು ಗಂಟೆಯಿತ್ತು. ಈಗ ಬಾಯಿಬಿಟ್ಟರೆ ಅಪ್ಪನ ಹೆಸರು ಪೆಟ್ಟಿಗೆಗಿಂತ ಮೊದಲು ಮಣ್ಣುಪಾಲು. ಬಿಡದಿದ್ದರೆ ಮಾವ ಈ ಶಟರಿನ ಆಚೆಯೇ ಉಳಿದು ಹೋಗುತ್ತಾನೆ, ಇನ್ನೆಂದಿಗೂ ಹೊರಲಾರ.

*

ಆ ಕಾರು ಅವರಿಬ್ಬರ ಕಣ್ಣಿಗೆ ಬಿದ್ದಾಗ ಗುಜರಿಗೆ ಹೊರಟಿತ್ತು. ಎರಡೇ ಬಾಗಿಲು, ಉದ್ದ ಮೂತಿ, ನೆಲಕ್ಕೆ ಹೊಟ್ಟೆ ತಾಗುವಷ್ಟು ತಗ್ಗು. ನಾಲ್ಕು ಜನ ಓಡಿಸಿ ಕೈಬಿಟ್ಟ ಸ್ಪೋರ್ಟ್ಸ್ ಕಾರು. ಭಾವ ಭಾಮೈದ ಇಬ್ಬರೂ ಸೇರಿ ಕೊಂಡು ತಂದರು. ತಂದ ಮೊದಲ ವಾರವೇ ಶುರುವಾಯಿತು. ತುಕ್ಕು ಕೆರೆದು, ಹೊಸ ಚಕ್ರ ಹಾಕಿ, ಸೀಟಿಗೆ ಚರ್ಮ ಹೊದಿಸಬೇಕೆಂದು ಪೇಂಟರ್. ಮೊದಲು ಪೈಪು, ವಾಟರ್ ಪಂಪು, ಆಯಿಲ್ ಸೀಲುಗಳನ್ನು ಬದಲಾಯಿಸಬೇಕೆಂದು ಮೇಸ್ತ್ರಿ. ಎದ್ದು ನಿಲ್ಲಲಾಗದವಳಿಗೆ ಮದುಮಗಳ ಸಿಂಗಾರ ಮಾಡ್ತೀಯಾ ಎಂದು ಇವನು, ಒಳಗೆ ನೀನು ಬಂಗಾರ ಜೋಡಿಸಿದರೂ ನೋಡುವವರಿಗೆ ಕಾಣುವುದು ತುಕ್ಕೇ ಎಂದು ಅವನು. ಊಟದ ತಟ್ಟೆಯ ಮುಂದೆಯೂ ಅದೇ ರಾಮಾಯಣ.

ಕೊನೆಗೆ ಮೇಸ್ತ್ರಿಯ ಹೆಂಡತಿ ಕ್ಯಾಲೆಂಡರನ್ನು ಗೋಡೆಯಿಂದ ಕಿತ್ತು ತಂದು ತೀರ್ಪು ಕೊಟ್ಟಳು. ಒಂದು ಭಾನುವಾರ ಬಾನೆಟ್ ತೆರೆಯತಕ್ಕದ್ದು, ಅವತ್ತು ಕಾರನ್ನು ತಮ್ಮ ಮುಟ್ಟುವಂತಿಲ್ಲ. ಮರುವಾರ ಬಾನೆಟ್ ಮುಚ್ಚತಕ್ಕದ್ದು, ಅವತ್ತು ಗಂಡ ಮುಟ್ಟುವಂತಿಲ್ಲ. ಇಬ್ಬರೂ ಈ ಪಾಳಿಯನ್ನು ಚಿಕ್ಕ ಮಕ್ಕಳು ಉಯ್ಯಾಲೆ ಸರದಿ ಕಾಯುವಂತೆ ಕಾದರು. ಪೇಂಟರಂತೂ ಕಾರು ತಂದ ಮೇಲಿನ ಆರು ವರ್ಷದಲ್ಲಿ ಒಮ್ಮೆಯೂ ಬಾನೆಟ್ಟಿನ ಒಳಗೆ ಇಣುಕಲಿಲ್ಲ. ಅದು ಭಾವನ ಮನೆ, ನನಗೇನು ಕೆಲಸ ಎನ್ನುತ್ತಿದ್ದ. ಅವರ ಬೈಗುಳ ಬೀದಿಯ ತುದಿಯವರೆಗೆ ಕೇಳುತ್ತಿತ್ತು, ಜನ ಭಾನುವಾರ ಬಂತು ಎಂದು ಅದರಿಂದಲೇ ತಿಳಿಯುತ್ತಿದ್ದರು. ನಿಜ ಹೇಳಬೇಕೆಂದರೆ, ಆ ಮನೆ ಅಷ್ಟು ಸುಖವಾಗಿ ಮತ್ತೆಂದೂ ಇರಲಿಲ್ಲ.

ಮೇಸ್ತ್ರಿಗೆ ಒಂದು ವೇದವಾಕ್ಯವಿತ್ತು. ಟೈಮಿಂಗ್ ಬೆಲ್ಟ್ ಅಂದರೆ ಎಂಜಿನ್ನಿನ ಮೇಲು ಕೆಳಗನ್ನು ತಾಳ ತಪ್ಪದಂತೆ ತಿರುಗಿಸುವ ರಬ್ಬರ್ ಪಟ್ಟಿ. ಹರಿದರೆ ಒಳಗಿನ ಭಾಗಗಳು ಒಂದಕ್ಕೊಂದು ಗುದ್ದಿ ನುಜ್ಜಾಗುತ್ತವೆ. ಅದನ್ನು ಬಿಗಿಹಿಡಿಯುವುದು ಅಂಗೈಯಲ್ಲಿ ಅಡಗುವಷ್ಟು ಚಿಕ್ಕ ರೋಲರು. ಬೆಲ್ಟ್ ಬದಲಾಯಿಸಿದವನು ರೋಲರನ್ನೂ ಬದಲಾಯಿಸಲೇಬೇಕು, ಹೊಸ ಬೆಲ್ಟಿಗೆ ಹಳೇ ರೋಲರು ಹಾಕುವವನು ಮೆಕ್ಯಾನಿಕ್ಕೇ ಅಲ್ಲ, ಕಟುಕ ಎಂದು ಇಡೀ ಬೀದಿಗೆ ಪಾಠ ಹೇಳಿದ್ದ. ಹಾಗೆ ಮಾಡಿದ ಒಬ್ಬ ಮೆಕ್ಯಾನಿಕ್ಕನ್ನು ಗಿರಾಕಿಗಳ ಮುಂದೆಯೇ ಬೈದು, ಅವನು ಅಂಗಡಿ ಮುಚ್ಚಿಕೊಂಡು ಹೋಗುವಂತೆ ಮಾಡಿದ್ದ.

*

ಹಳೆಯ ಕಾರುಗಳ ಪ್ರದರ್ಶನವೊಂದು ಬಂತು. ಕೊನೆಯ ಕೋಟಿಂಗ್ ಬಾಕಿ ಇದೆ, ಈ ಭಾನುವಾರ ನನಗೆ ಬಿಟ್ಟುಕೊಡು ಎಂದು ಪೇಂಟರ್ ಗೋಗರೆದ. ಅದು ಬೆಲ್ಟ್ ಬದಲಾಯಿಸಬೇಕಿದ್ದ ಭಾನುವಾರ. ಬೀದಿಯವರ ಮುಂದೆಯೇ ಮೇಸ್ತ್ರಿ ಗೊಣಗಿಕೊಂಡು ಬಿಟ್ಟುಕೊಟ್ಟ.

ಆದರೆ ಅವನ ಜೀವ ಕೇಳಲಿಲ್ಲ. ಬುಧವಾರ ಭಾಮೈದ ಬಣ್ಣ ತರಲು ಹೋದಾಗ, ಮಗಳನ್ನು ಜೊತೆಗಿಟ್ಟುಕೊಂಡು, ಪಾಳಿ ಮುರಿದು ಬಾನೆಟ್ ಎತ್ತಿದ. ಹೊಸ ಬೆಲ್ಟು ಕೈಯಲ್ಲಿತ್ತು. ರೋಲರು ಬರಲು ಇನ್ನೂ ಒಂದು ವಾರ ಬೇಕೆಂದು ಹೊರಗಿನ ಊರಿನಿಂದ ಫೋನ್ ಬಂದಿತ್ತು. ಮೇಸ್ತ್ರಿ ಹಳೆಯದನ್ನೇ ಬೆರಳಲ್ಲಿ ತಿರುಗಿಸಿ, ಕಿವಿಗೆ ಹಿಡಿದು ನೋಡಿದ. ಸದ್ದಿಲ್ಲ, ಒಂದು ವರ್ಷ ಬರುತ್ತೆ ಎಂದ. ಮಗಳು ಅವನ ಮುಖ ನೋಡಿದಳು. ಅವನು ಅವಳ ಮುಖ ನೋಡಲಿಲ್ಲ.

ಕಾರನ್ನು ಪ್ರದರ್ಶನದಿಂದ ಹಿಂದೆಗೆದುಕೊಳ್ಳಬಹುದಿತ್ತು. ಬದಲಿಗೆ ಮೇಸ್ತ್ರಿ ಎರಡು ಮಧ್ಯಾಹ್ನ ಕೂತು ಎಂಜಿನ್ನಿನ ಮೇಲ್ಮುಚ್ಚಳವನ್ನು ಪಾಲಿಶ್ ಹಚ್ಚಿ ತಿಕ್ಕಿದ. ಅಲ್ಲಿ ಎಲ್ಲರೂ ಬಾನೆಟ್ ತೆರೆದಿಡುತ್ತಾರಂತೆ, ಜನ ಬಗ್ಗಿ ನೋಡುತ್ತಾರಂತೆ. ಮುಚ್ಚಳದಲ್ಲಿ ಮುಖ ಕಾಣುವವರೆಗೂ ತಿಕ್ಕಿದ. ಮಗಳು ಬಿದ್ದು ಬಿದ್ದು ನಕ್ಕಾಗ, ಐವತ್ತು ದಾಟಿದ ಮನುಷ್ಯ, ಕೆಂಪಾಗಿಬಿಟ್ಟ. ಮಾವನ ಕಿವಿಗೆ ಹಾಕಬೇಡ, ಜನ್ಮವಿಡೀ ಆಡಿಕೊಳ್ಳುತ್ತಾನೆ ಎಂದ.

ಪ್ರದರ್ಶನಕ್ಕೆ ಹೋಗುವ ದಾರಿಯಲ್ಲಿ ಪೇಂಟರನ ಕೈಯಲ್ಲಿದ್ದಾಗಲೇ ಎಂಜಿನ್ನಿನಲ್ಲಿ ಢಬ್ ಎಂದು ಸದ್ದಾಯಿತು. ಕಾರನ್ನು ಹಗ್ಗ ಕಟ್ಟಿ ಎಳೆದು ತಂದರು. ಮೇಸ್ತ್ರಿ ಎಲ್ಲರನ್ನೂ ಹೊರಗೆ ಕಳಿಸಿ ಕವರ್ ಬಿಚ್ಚಿದ. ಟಾರ್ಚ್ ಹಿಡಿದಿದ್ದವಳು ಮಗಳು. ರೋಲರು ಸುಟ್ಟು ಕರಕಲಾಗಿ, ತಿರುಗದೆ ಕಚ್ಚಿಕೊಂಡಿತ್ತು, ಹೊಸ ಬೆಲ್ಟು ಚಿಂದಿಯಾಗಿತ್ತು. ಮೇಸ್ತ್ರಿ ನೆಲದ ಮೇಲೆ ಕೂತ. ಹೊರಗೆ ಬೀದಿಯವರ ಗದ್ದಲ ಜೋರಾಯಿತು. ಆಗ ಎದ್ದು ಹೋಗಿ, ಗುಜರಿ ಡ್ರಮ್ಮಿನಿಂದ ಯಾವುದೋ ಡೆಲಿವರಿ ವ್ಯಾನಿನ ಹರಿದ ಬೆಲ್ಟ್ ತೆಗೆದು, ಶಟರ್ ಎತ್ತಿದ.

"ನೋಡಿ, ನನ್ನ ಭಾನುವಾರ ಕಿತ್ಕೊಂಡಿದ್ದಕ್ಕೆ ಇದು" ಎಂದು, ಬದಲಾಯಿಸದೆ ಉಳಿದ ಹಳೇ ಬೆಲ್ಟೇ ಹರಿದಿತ್ತೆಂಬಂತೆ, ಎಲ್ಲರ ಎದುರು ಭಾಮೈದನ ಕೈಗೆ ಕೊಟ್ಟ. ಬಾನೆಟ್ಟಿನೊಳಗೆ ಎಂದೂ ಇಣುಕದವನಿಗೆ ಯಾವ ಬೆಲ್ಟ್ ಯಾವುದೆಂದು ಏನು ಗೊತ್ತು? ತಿರುವಿ ನೋಡಿ, ರಬ್ಬರಿನ ಬಿರುಕುಗಳ ಮೇಲೆ ಬೆರಳಾಡಿಸಿದ. ಮೆಕ್ಯಾನಿಕ್‌ಗಳು ಹತ್ತಿರ ಬರುವ ಮೊದಲೇ ಮೇಸ್ತ್ರಿ ಅದನ್ನು ಕಸಿದು ಮತ್ತೆ ಡ್ರಮ್ಮಿಗೆಸೆದ.

ಪೇಂಟರ್ ಆ ವಾರವೇ ಗ್ಯಾರೇಜು ಬಿಟ್ಟ. ಒಳಗಿನ ಹುಣ್ಣಿಗೆ ಬಣ್ಣ ಬಳಿಯುವವನು ಎಂಬ ಹೆಸರು ಅವನಿಗಿಂತ ಮೊದಲೇ ಎಲ್ಲ ಕಡೆ ಹೋಗಿತ್ತು. ಕಾರುಗಳು ಬರುವುದು ನಿಂತಿತು. ಗೇಟು, ಕಿಟಕಿ ಸರಳುಗಳಿಗೆ ಬಣ್ಣ ಹೊಡೆದು ಹೊಟ್ಟೆ ಹೊರೆಯತೊಡಗಿದ. ಮಾವನಿಗೆ ಹೇಳಿಬಿಡು ಎಂದು ಮಗಳು ಅಪ್ಪನಿಗೆ ಎರಡು ಸಲ ಹೇಳಿದಳು. ಹೇಳುತ್ತೇನೆ ಎಂದ. ಹೇಳುತ್ತೇನೆ ಹೇಳುತ್ತೇನೆ ಎನ್ನುತ್ತಲೇ ಆರು ವರ್ಷ ತಳ್ಳಿ, ಮೊನ್ನೆ ಚಹಾ ಲೋಟ ಕೈಯಲ್ಲಿ ಹಿಡಿದುಕೊಂಡೇ ಹೋಗಿಬಿಟ್ಟ.

*

ವ್ಯಾನಿನ ಹಾರ್ನ್ ಕೇಳಿಸಿತು. ಗಲ್ಲಿ ಕಿರಿದು, ವ್ಯಾನು ಮುಖ್ಯರಸ್ತೆಯಲ್ಲೇ ನಿಂತಿತು. ಮುಚ್ಚಳ ಹಾಕಿ ಎಂದರು ದೊಡ್ಡಪ್ಪ. ಪೇಂಟರ್ ಒಂದು ಹೆಜ್ಜೆ ಹಿಂದೆ ಸರಿದು, ಹೋಗಲು ತಿರುಗಿದ.

"ಮಾವನ್ನ ಒಳಗೆ ಬಿಡಿ" ಎಂದಳು ಮಗಳು. "ಬೆಲ್ಟ್ ಅಪ್ಪ ಬದಲಾಯ್ಸಿದ್ದ. ರೋಲರ್ ಹಳೇದೇ ಹಾಕಿದ್ದ. ಎಂಜಿನ್ ಹೋಗಿದ್ದು ಅದಕ್ಕೆ."

ಮೆಕ್ಯಾನಿಕ್‌ಗಳಿಗೆ ಬಿಡಿಸಿ ಹೇಳಬೇಕಾದ ಮಾತೇ ಅಲ್ಲ ಅದು. ಅವರು ಮುಖ ಮುಖ ನೋಡಿಕೊಂಡರು. ದೊಡ್ಡಪ್ಪ ಮಾತ್ರ, ದುಃಖದಲ್ಲಿ ಇವಳಿಗೆ ತಲೆ ಕೆಟ್ಟಿದೆ, ಹೆಣದ ಮುಂದೆ ಹೆತ್ತಪ್ಪನ ಮೇಲೆ ಗೂಬೆ ಕೂರಿಸುತ್ತಿದ್ದಾಳೆ ಎಂದು ಕೂಗಾಡಿದರು. ಇವತ್ತೇ ಹೇಳಬೇಕಿತ್ತೇ ಎಂದ ಸ್ಪೇರ್ ಪಾರ್ಟ್ಸ್‌ನವನು. ಆರು ವರ್ಷ ಪೇಂಟರನನ್ನು ಆಡಿಕೊಂಡವರೆಲ್ಲ ಈಗ ಇವಳನ್ನು ಕೆಕ್ಕರಿಸಿ ನೋಡುತ್ತಿದ್ದರು. ತಮ್ಮ ತಪ್ಪಿಗೆ ಇವಳ ಮೇಲೆ ಸಿಟ್ಟು.

ಪೇಂಟರ್ ಶಟರಿನ ಕೆಳಗೆ ಬಗ್ಗಿ ಒಳಗೆ ಬಂದ. ಈ ಸಲ ಅಡ್ಡಗೈ ಇರಲಿಲ್ಲ. ಪೆಟ್ಟಿಗೆಯ ಕಡೆ ನೋಡದೆ ನೇರ ಅವಳ ಮುಂದೆ ನಿಂತ.

"ನನ್ನ ಕೈಗೆ ಕೊಟ್ಟಿದ್ದು ಯಾರ ಬೆಲ್ಟು?"

"ಯಾವುದೋ ವ್ಯಾನಿಂದು. ಗುಜರಿ ಡ್ರಮ್ಮಿಂದ ತೆಗೆದಿದ್ದು."

"ನೀನಲ್ಲಿದ್ಯಾ?"

"ಟಾರ್ಚ್ ಹಿಡ್ಕೊಂಡಿದ್ದೆ."

ಅಷ್ಟು ಹೊತ್ತು ತಲೆ ತಗ್ಗಿಸಿಕೊಂಡಿದ್ದ ತಾಯಿ ಎದ್ದಳು. ಹೊಡೆಯುತ್ತಾಳೆಂದು ಮಗಳು ಕಾದಳು. ತಾಯಿ ಹೊಡೆಯಲಿಲ್ಲ.

"ಇವನು ಕಾಯಿಲೆ ಬಿದ್ದು ಬಂದಾಗಲೂ ಬಾಗಿಲು ತೆಗೀಲಿಲ್ಲ ಕಣೇ ನಾನು. ನೀನು ಪಕ್ಕದಲ್ಲೇ ಇದ್ದೆ" ಎಂದಳು. ಆಮೇಲೆ ಮಗಳಿಂದ ದೂರ, ಮೇಜಿನ ಆ ತುದಿಗೆ ಹೋಗಿ ನಿಂತಳು. ತಮ್ಮನ ಹತ್ತಿರಕ್ಕೂ ಹೋಗಲಿಲ್ಲ, ಹೋಗುವ ಮುಖ ಅವಳಿಗಿರಲಿಲ್ಲ.

ಮುಚ್ಚಳದ ಸ್ಕ್ರೂ ಬಿಗಿಸಿದರು. ಹೊರುವವರು ಬನ್ನಿ ಎಂದಾಗ ಮೊದಲಿನ ಉತ್ಸಾಹ ಯಾರಲ್ಲೂ ಇರಲಿಲ್ಲ. ಹಿಂದಿನ ಎರಡು ಮೂಲೆಗೆ ಇಬ್ಬರು ಮೆಕ್ಯಾನಿಕ್‌ಗಳು ಬಂದರು. ಮುಂದಿನ ಎಡಕ್ಕೆ ಪೇಂಟರ್ ಹೋಗಿ ನಿಂತ. ಅವನ ಪಕ್ಕದ ಬಲಮೂಲೆಗೆ ಯಾರೂ ಬರಲಿಲ್ಲ, ದೊಡ್ಡಪ್ಪ ಮೊಣಕಾಲು ನೋವೆಂದರು. ಮಗಳು ಬಂದು ಹೆಗಲು ಕೊಟ್ಟಳು.

ಹೊರಗೆ ಬಿಸಿಲು ಕಣ್ಣು ಕುಕ್ಕುತ್ತಿತ್ತು. ಮುಖ್ಯರಸ್ತೆಯವರೆಗೆ ನೂರು ಹೆಜ್ಜೆಯಾದರೂ ಇದೆ. ಹತ್ತು ಹೆಜ್ಜೆ ನಡೆದ ಮೇಲೆ ಅವಳು, ಮಾವ, ಎಂದು ಏನೋ ಹೇಳಲು ಹೊರಟಳು.

"ಭಾವ ತಪ್ಪಿಸ್ಕೊಂಡ" ಎಂದ ಅವನು, ಮುಂದೆ ನೋಡುತ್ತಲೇ. "ನೀನಿದೀಯಲ್ಲ."

ಅವಳ ಹೆಗಲು ಅವನ ಹೆಗಲಿಗಿಂತ ಒಂದು ಗೇಣು ತಗ್ಗು. ಇಂಥ ಕಡೆ ಎತ್ತರದವನು ಬಗ್ಗಿ, ಇಲ್ಲವೇ ಪೆಟ್ಟಿಗೆಯನ್ನು ಕೈಗಿಳಿಸಿ ಸಮ ಮಾಡಿಕೊಳ್ಳುತ್ತಾನೆ. ಹಿಂದಿದ್ದ ಮೆಕ್ಯಾನಿಕ್ಕು, ಸ್ವಲ್ಪ ಇಳಿಸಣ್ಣ, ಹುಡುಗಿ ಕಡೆ ವಾಲ್ತಿದೆ ಎಂದ. ಪೇಂಟರ್ ಬೆನ್ನು ನೆಟ್ಟಗೆ ಮಾಡಿದ. ಒಳಗೆ ಮೇಸ್ತ್ರಿಯ ದೇಹ ನಿಧಾನವಾಗಿ ಜಾರಿ ಬಲಗಡೆಯ ಹಲಗೆಗೆ ತಾಗಿದ್ದು ಅವಳ ಹೆಗಲಿಗೆ ತಿಳಿಯಿತು. ಭಾರವೆಲ್ಲ ಅವಳ ಮೇಲೆ ಬಂತು. ಅವಳು ಎರಡು ಕೈಯಲ್ಲೂ ಹಲಗೆಯನ್ನು ಒತ್ತಿ ಹಿಡಿದು, ಕತ್ತು ಒಂದು ಕಡೆ ಸೊಟ್ಟ ಮಾಡಿಕೊಂಡು ನಡೆದಳು. ಅಂಗಡಿಗಳ ಮುಂದೆ ನಿಂತಿದ್ದ ಜನ ಟೋಪಿ ತೆಗೆದು ನೋಡುತ್ತಿದ್ದರು. ಪೇಂಟರ್ ವ್ಯಾನಿನ ಬಾಗಿಲವರೆಗೂ ತಲೆಯೆತ್ತಿ, ಇದ್ದಷ್ಟೂ ಎತ್ತರಕ್ಕೆ ನಿಂತು, ಎಲ್ಲೂ ಬಗ್ಗದೆ ನಡೆದ.