ತಾಮ್ರದ ದನಿ

ಅಮ್ಮನ ಕಣ್ಣಿಗೆ ಮಂಜು ಕವಿದು ವರ್ಷವಾಗಿತ್ತು. ಕಿಟಕಿ ಈಗ ಒಂದು ಬಿಳಿಯ ಚೌಕ, ಮಗಳು ಅದರ ಮುಂದೆ ತೇಲುವ ಒಂದು ಬಣ್ಣ. ಹೋದ ವಾರ ಮಸಿಬಟ್ಟೆಗೆ ಬೆಂಕಿ ತಗುಲಿದ್ದೇ ತಡ, ಮಗಳು ಬೆಂಕಿಪೊಟ್ಟಣವನ್ನು ಜೇಬಿಗಿಳಿಸಿಬಿಟ್ಟಳು. ಅಂದಿನಿಂದ ಅಮ್ಮನಿಗೆ ಸ್ವಂತ ಅಡುಗೆಮನೆಯಲ್ಲೇ ನೆಂಟರ ಪಾಡು.

"ಕೈಲಿರೋ ಪಾತ್ರೆ ಯಾವುದು ಅಂತಾನೇ ಕಾಣಲ್ಲ, ಒಲೆ ಹಚ್ತಾಳಂತೆ!" ಎಂದಳು ಮಗಳು.

"ಚಮಚದಲ್ಲಿ ಬಡಿದು ನೋಡೇ, ಸದ್ದಿನಲ್ಲೇ ಯಾವುದು ಅಂತ ಹೇಳ್ತೀನಿ," ಎಂದಳು ಅಮ್ಮ. " ಒಂದು ತಪ್ಪಿದ್ರೂ ಇನ್ನು ಬೆಂಕಿಪೊಟ್ಟಣ ಕೇಳಲ್ಲ."

ಮಧ್ಯಾಹ್ನದ ಬಿಸಿಲು ಕಟ್ಟೆಯ ಮೇಲೆ ಬೆಚ್ಚಗೆ ಮಲಗಿತ್ತು. ಅಮ್ಮ ಮಣೆಯ ಮೇಲೆ ಕೂತು, ಇದ್ದಷ್ಟು ಕಣ್ಣನ್ನೂ ಮುಚ್ಚಿಕೊಂಡಳು.

ಟಿಣ್!

"ಸ್ಟೀಲು. ತಳದಲ್ಲಿ ಒಂದೇ ಕಡೆ ಸಿಟ್ಟು ಇದಕ್ಕೆ. ಅತ್ತ ತಿರುಗಿದ್ರೆ ಇತ್ತ ಸೀದುಹೋಗಿರುತ್ತೆ."

ಟಪ್.

"ಅಲ್ಯೂಮಿನಿಯಂ. ಬೇಗ ಕಾಯುತ್ತೆ, ಬೇಗ ಸೊಟ್ಟಗಾಗುತ್ತೆ."

ದಡ್!

"ಕಬ್ಬಿಣದ ಬಾಣಲೆ. ನಿಮ್ಮಪ್ಪನ ಹಾಗೇ. ಕಾಯೋದೂ ತಡ, ಆರೋದೂ ತಡ."

ಹೊರಗಿನ ಕೋಣೆಯಲ್ಲಿ ಅಪ್ಪ ಬೇಕೆಂದೇ ಕೆಮ್ಮಿದರು.

ಮುಂದಿನ ದನಿ ಬಡಿತದಂತಿರಲಿಲ್ಲ. ನೀರಿನ ಉಂಗುರದಂತೆ ಹುಟ್ಟಿ ಅಗಲವಾಗುತ್ತ ಹೋಯಿತು. ಅಮ್ಮ ಅದರ ಜೊತೆಗೇ ಹೊರಟಳು. ಗೋಡೆಗಳು ದುಂಡಗಾದವು, ಅಡುಗೆಮನೆ ಒಂದು ದೊಡ್ಡ ಪಾತ್ರೆಯ ಒಳಮೈಯಾಯಿತು. ಅದರ ತಳದಲ್ಲಿ ಅವಳನ್ನು ಹೆತ್ತ ಅಮ್ಮ ಕೂತು ಬೂದಿಯಿಂದ ತಿಕ್ಕುತ್ತಿದ್ದಳು. ತಿಕ್ಕಿದಲ್ಲೆಲ್ಲ ಹಳದಿ ಬೆಳಕು ಏಳುತ್ತಿತ್ತು. ಎಷ್ಟು ದಿನವಾಗಿತ್ತು, ಹಳದಿಯನ್ನು ಹಾಗೆ ನೋಡಿ!

"ನಿದ್ದೆ ಬಂತೇನಮ್ಮಾ?"

"ಹಿತ್ತಾಳೆ," ಎಂದಳು ಅಮ್ಮ, ಇನ್ನೂ ಅಲ್ಲೇ ಇದ್ದು.

"ತಪ್ಪು! ತಾಮ್ರ."

ಅಮ್ಮನ ಮುಖ ಇಳಿಯಿತು. "ಎಲ್ಲಿ, ಕೊಡು ಇಲ್ಲಿ." ಅವಳು ಪಾತ್ರೆಯನ್ನು ತೊಡೆಯ ಮೇಲಿಟ್ಟು ಒಳಗೆ ಕೈಯಾಡಿಸಿದಳು. ಅಂಚಿನಿಂದ ಇಳಿದ ಬೆರಳು ನುಣ್ಣಗೆ ಜಾರುತ್ತ ಬಂದು ತಳದಲ್ಲಿ ನಿಂತಿತು. ಮತ್ತೆ ಅಲ್ಲೇ ಸುತ್ತಿತು.

"ಇದರಲ್ಲಿ ಏನು ಮಾಡ್ಬೇಕು ಅಂತಿದ್ದೆ?"

"ಟೊಮೇಟೊ ಬೇಯಿಸೋಣ ಅಂತ ತೆಗೆದಿಟ್ಟಿದ್ದೆ. ಯಾಕೆ?"

"ತಳದಲ್ಲಿ ಕಲಾಯಿ ಹೋಗಿದೆ ಕಣೇ. ಹುಳಿ ತಾಮ್ರಕ್ಕೆ ತಾಗಿದ್ರೆ ಮನೆಮಂದಿಗೆಲ್ಲ ಹೊಟ್ಟೆ ತೊಳಸುತ್ತೆ."

ಮಗಳು ಪಾತ್ರೆಯನ್ನು ಕಿಟಕಿಗೆ ಒಡ್ಡಿ ನೋಡಿದಳು. ಬೆಳ್ಳನೆಯ ತವರದ ಲೇಪದ ನಡುವೆ ಹೆಬ್ಬೆರಳಿನಷ್ಟು ಜಾಗ ಕೆಂಪಗೆ ಇಣುಕುತ್ತಿತ್ತು. ವಾರದಿಂದ ಅದೇ ಪಾತ್ರೆಯನ್ನು ಅವಳೇ ತೊಳೆದು, ಅವಳೇ ಒರೆಸಿ ಇಟ್ಟಿದ್ದಳು.

"ಇರಲಿ, ಸೋತೆ. ಮಾತು ಅಂದ್ರೆ ಮಾತು," ಎಂದು ಅಮ್ಮ ಗೋಡೆ ಹಿಡಿದು ಏಳತೊಡಗಿದಳು.

ಕಿವಿಯ ಹತ್ತಿರ ಏನೋ ಗಲಗಲ ಎಂದಿತು.

"ಹೇಳು ನೋಡೋಣ, ಇದು ಯಾವ ಲೋಹ?"

ಅಮ್ಮ ಉಸಿರು ಬಿಗಿಹಿಡಿದಳು. ಪುಟ್ಟ ರಟ್ಟಿನ ಡಬ್ಬಿಯೊಳಗೆ ಕಡ್ಡಿಗಳು ಒಂದಕ್ಕೊಂದು ಒರಗಿ ಸುಮ್ಮನಾದವು.

"ಕೊಡೇ, ಕತ್ತೆ!"

"ಕೊಡ್ತೀನಿ. ಮಸಿಬಟ್ಟೆ ಮಾತ್ರ ನನ್ನ ಹತ್ರಾನೇ ಇರುತ್ತೆ."